ತೊಟ್ಟಿಲ ಕೊಂಡಿಗೆ ನೇತುಬಿದ್ದ ಸೈಕಲ್

ಅಪ್ಪನ ಕರಿ ಸೈಕಲ್ಲಿಗೆ ಹಿಂದೆ ಕಬ್ಬಿಣದ ಸ್ಟ್ಯಾಂಡ್ ಇತ್ತು. ಕಾಲಿನಿಂದ ಅದನ್ನು ಮೆಟ್ಟಿ, ಕ್ಯಾರಿಯರ್ ಹಿಡಿದು ಹಿಂದಕ್ಕೆಳೆದರೆ ಹಿಂದಿನ ಚಕ್ರ ನೆಲ ಬಿಟ್ಟು ಎರಡು ಬೆರಳು ಮೇಲೇಳುತ್ತಿತ್ತು. ನಾವು ಮಕ್ಕಳು ಅದರ ಮೇಲೆ ಹತ್ತಿ ಕುಳಿತು, ಹನುಮಂತನಗರದ ಮನೆಯ ಅಂಗಳ ಬಿಡದೆಯೇ ಊರೆಲ್ಲ ಸುತ್ತಿ ಬರುತ್ತಿದ್ದೆವು. ಅಪ್ಪ ಒಂದು ಕೈಯಲ್ಲಿ ಪೆಡಲ್ ತಿರುಗಿಸುತ್ತ ಇನ್ನೊಂದು ಕೈಯಲ್ಲಿ ಚೈನಿಗೆ ಎಣ್ಣೆ ಬಿಡುತ್ತಿದ್ದರು. ರಿಪೇರಿ ಮಾಡುವಾಗ ಸೈಕಲ್ ನಿಲ್ಲಿಸಲೆಂದೇ ಒಂದು ಸ್ಟ್ಯಾಂಡನ್ನು ಬೇರೆಯಾಗಿ ದುಡ್ಡು ಕೊಟ್ಟು ತರಬೇಕಾಗುತ್ತದೆ ಎಂದು ಯಾರಾದರೂ ಆಗ ಹೇಳಿದ್ದರೆ ಅವರು ನಕ್ಕುಬಿಡುತ್ತಿದ್ದರು. ನಾನು ಕೊಂಡುತಂದೆ. ಒಂದಲ್ಲ, ಮೂರು.

ಈಗಿನ ನನ್ನ ಸೈಕಲ್ ಎಂಟು ಗೇರಿನ ಹೈಬ್ರಿಡ್. ಅಲ್ಯೂಮಿನಿಯಂ ಫ್ರೇಮು, ಹೈಡ್ರಾಲಿಕ್ ಡಿಸ್ಕ್ ಬ್ರೇಕು, ತೂಕ 14 ಕೆ.ಜಿ. ನಿಲ್ಲಿಸುವುದಕ್ಕೆ ಪಕ್ಕಕ್ಕೆ ವಾಲುವ ಒಂಟಿ ಕಾಲು ಮಾತ್ರ. ವಾರದ ದಿನಗಳಲ್ಲಿ ಬನಶಂಕರಿಯಿಂದ ಜಯನಗರದ ಕಚೇರಿಗೆ, ಭಾನುವಾರ ತುರಹಳ್ಳಿ ಕಾಡಿನ ಕಡೆಗೆ, ವರ್ಷಕ್ಕೆ ಎರಡು ಸಲ ಧೈರ್ಯ ಬಂದಾಗ ನಂದಿ ಬೆಟ್ಟಕ್ಕೆ. ಮಳೆಗಾಲದಲ್ಲಿ ತುರಹಳ್ಳಿಯಿಂದ ಮರಳಿದರೆ ಚೈನಿನ ಸಂದುಸಂದಿನಲ್ಲೂ ಕೆಮ್ಮಣ್ಣು. ಅಂದೇ ತೊಳೆದು ಒರೆಸದಿದ್ದರೆ ಸೋಮವಾರ ಬೆಳಿಗ್ಗೆ ರಸ್ತೆಯವರೆಲ್ಲ ತಿರುಗಿ ನೋಡುವ ಹಾಗೆ ಕಿರುಗುಟ್ಟುತ್ತದೆ. ಪ್ರತಿ ಸಲ ಅಂಗಡಿಗೆ ಬಿಟ್ಟು ಮೂರು ದಿನ ಬಸ್ಸಿನಲ್ಲಿ ಓಡಾಡುವುದು ಬೇಸರವಾಗಿ, ಸಣ್ಣಪುಟ್ಟ ಕೆಲಸ ಮನೆಯಲ್ಲೇ ಕಲಿತೆ.

ಮೊದಲು ಎಲ್ಲರ ಹಾಗೆ ಸೈಕಲ್ಲನ್ನು ತಲೆಕೆಳಗೆ ನಿಲ್ಲಿಸಿದೆ. ಬೆಲ್ಲು ಒಂದೇ ವಾರದಲ್ಲಿ ಸೊಟ್ಟಗಾಯಿತು, ಸೀಟಿನ ಹೊದಿಕೆ ಸಿಮೆಂಟು ನೆಲಕ್ಕೆ ಉಜ್ಜಿ ಹರಿಯಿತು. ಅದನ್ನೆಲ್ಲ ಸಹಿಸಿಕೊಳ್ಳಬಹುದಿತ್ತು. ಬ್ರೇಕಿನದು ಹಾಗಲ್ಲ. ಹೈಡ್ರಾಲಿಕ್ ಬ್ರೇಕಿನ ಹಿಡಿಯ ಬುಡದಲ್ಲಿ ಎಣ್ಣೆಯ ಪುಟ್ಟ ತೊಟ್ಟಿಯೊಂದಿರುತ್ತದೆ. ಅದರಲ್ಲಿ ಸ್ವಲ್ಪ ಗಾಳಿ ಉಳಿದಿದ್ದರೆ, ಸೈಕಲ್ ತಲೆಕೆಳಗಾದಾಗ ಆ ಗಾಳಿ ಕೊಳವೆಯೊಳಗೆ ಸೇರಿಕೊಳ್ಳುತ್ತದೆ. ಒಂದು ದಿನ ಕೆಲಸ ಮುಗಿಸಿ ಸೈಕಲ್ ನೇರ ನಿಲ್ಲಿಸಿ ಹಿಂದಿನ ಬ್ರೇಕ್ ಒತ್ತಿದರೆ, ಹಿಡಿ ಬೆಣ್ಣೆಯಲ್ಲಿ ಬೆರಳಿಟ್ಟಂತೆ ಸರಾಗವಾಗಿ ಒಳಗೆ ಹೋಯಿತು. ಎದೆ ಧಸಕ್ಕೆಂದಿತು. ಸ್ವಲ್ಪ ಹೊತ್ತು ನೇರವಾಗಿಯೇ ಬಿಟ್ಟು ಇಪ್ಪತ್ತು ಮೂವತ್ತು ಸಲ ಒತ್ತಿದ ಮೇಲೆ ಸರಿಯಾಯಿತು. ಆದರೂ ಇಟ್ಟಮಡುವಿನ ಇಳಿಜಾರಿನಲ್ಲಿ ಹೀಗಾಗಿದ್ದರೆ ಎಂದು ಯೋಚಿಸಿದವನು ಆಮೇಲೆ ಆ ಸೈಕಲ್ಲನ್ನು ತಲೆಕೆಳಗೆ ಮಾಡಲಿಲ್ಲ.

ಆಗ ಕಣ್ಣಿಗೆ ಬಿದ್ದದ್ದು ನಡುಮನೆಯ ತಾರಸಿಯಲ್ಲಿರುವ ತೊಟ್ಟಿಲ ಕೊಂಡಿ. ಹಳೆಯ ಮನೆ, ತಾರಸಿ ಹಾಕುವಾಗಲೇ ಕಂಬಿಗೆ ಕಟ್ಟಿ ಕೂರಿಸಿದ ಕೊಂಡಿ. ತೊಟ್ಟಿಲನ್ನೂ ಅದರೊಳಗಿನ ಮಗುವನ್ನೂ ತೂಗಿದ್ದಕ್ಕೆ 14 ಕೆ.ಜಿ. ಯಾವ ಲೆಕ್ಕ? ಸೀಟಿನ ಕೆಳಗೊಂದು ಹಗ್ಗ, ಹ್ಯಾಂಡಲ್ಲಿಗೊಂದು ಹಗ್ಗ ಕಟ್ಟಿ ಎದೆಯೆತ್ತರಕ್ಕೆ ಏರಿಸಿದೆ. ಎತ್ತರ ಹೇಳಿ ಮಾಡಿಸಿದ ಹಾಗಿತ್ತು. ಆದರೆ ಪೆಡಲ್ ತಿರುಗಿಸಿದೊಡನೆ ಸೈಕಲ್ ತೂಗಲು ಶುರುಮಾಡಿತು. ನಾನು ಸ್ಕ್ರೂಡ್ರೈವರ್ ಹಿಡಿದು ಅದರ ಜೊತೆಗೇ ಅತ್ತಿಂದಿತ್ತ ಓಲಾಡಬೇಕಾಯಿತು. ಕೆಳಗಿನಿಂದ ಇನ್ನೊಂದು ಹಗ್ಗ ಕಟ್ಟಿ 20 ಲೀಟರಿನ ನೀರಿನ ಕ್ಯಾನಿಗೆ ಬಿಗಿದೆ. ತೂಗುವುದೇನೋ ಕಡಿಮೆಯಾಯಿತು. ಅಷ್ಟರಲ್ಲಿ ಅಮ್ಮ ಬಂದು ನೋಡಿ, "ತೊಟ್ಟಿಲು ಕಟ್ಟುವ ಕಡೆ ಇದೇನೋ ಇದು, ಮೊದಲು ಇಳಿಸು" ಎಂದರು. ಇಳಿಸಿದೆ. ಅಮ್ಮನ ಮಾತಿಗಿಂತ, ನೆಲದ ಮೇಲೆ ತೊಟ್ಟಿಕ್ಕಿದ್ದ ಕರಿ ಎಣ್ಣೆಯನ್ನು ಹೆಂಡತಿ ನೋಡಿದ ನೋಟ ಹೆಚ್ಚು ಕೆಲಸ ಮಾಡಿತು.

ಮೊದಲು ಕೊಂಡದ್ದು 950 ರೂಪಾಯಿಯ, ಮೊಳಕಾಲೆತ್ತರದ ಸ್ಟ್ಯಾಂಡ್. ಅಂಗಡಿಗಳಲ್ಲಿ ಹೊಸ ಸೈಕಲ್ಲುಗಳನ್ನು ಸಾಲಾಗಿ ನಿಲ್ಲಿಸಿರುತ್ತಾರಲ್ಲ, ಅದೇ. ಹಿಂದಿನ ಚಕ್ರದ ಆಕ್ಸಲ್ ಹತ್ತಿರ ಫ್ರೇಮಿನ ಎರಡು ಕೊಳವೆಗಳನ್ನು ಎರಡು ಕೊಕ್ಕೆಗಳು ಹಿಡಿಯುತ್ತವೆ. ಮುಂದಿನ ಚಕ್ರ ನೆಲದ ಮೇಲೇ ಇರುತ್ತದೆ, ಹಿಂದಿನದು ಎತ್ತಿಕೊಳ್ಳುತ್ತದೆ. ಅಪ್ಪನ ಸೈಕಲ್ಲಿನ ಸ್ಟ್ಯಾಂಡೇ ಬೇರೆ ವೇಷದಲ್ಲಿ ಬಂದ ಹಾಗೆ. ಇದರಲ್ಲೇ ಇನ್ನೊಂದು ಬಗೆಯಿದೆ, ಆಕ್ಸಲ್ಲಿನ ತುದಿಗಳನ್ನೇ ಕಚ್ಚಿ ಹಿಡಿಯುವಂಥದ್ದು. ಅದು ಎಲ್ಲ ಸೈಕಲ್ಲಿಗೂ ಕೂರುವುದಿಲ್ಲ. ಡಿಸ್ಕ್ ಬ್ರೇಕ್ ಇರುವವರು ಕೊಕ್ಕೆಯು ಡಿಸ್ಕನ್ನು ಹಿಡಿಯುವ ಕ್ಯಾಲಿಪರಿಗೆ ತಗಲುವುದೇ ಎಂದು ಸೈಕಲ್ಲನ್ನೇ ಅಂಗಡಿಗೆ ಒಯ್ದು ನೋಡಬೇಕು. ನಾನು ನೋಡದೆ ಕೊಂಡೆ, ಕೊಕ್ಕೆ ಎತ್ತರ ತಗ್ಗು ಮಾಡಲು ಬರುತ್ತಿದ್ದುದರಿಂದ ಬಚಾವಾದೆ.

ಗೇರು ಸರಿಮಾಡುವುದನ್ನು ನಾನು ಕಲಿತದ್ದು ಈ 950 ರೂಪಾಯಿಯ ಸ್ಟ್ಯಾಂಡಿನ ಮುಂದೆ, ಮಣೆ ಹಾಕಿಕೊಂಡು ಕುಳಿತು. ಎಂಟು ಗೇರಿನ ಕ್ಯಾಸೆಟ್ಟಿನಲ್ಲಿ, ಅಂದರೆ ಹಿಂದಿನ ಚಕ್ರದ ಹಲ್ಲುಚಕ್ರಗಳ ಗೊಂಚಲಿನಲ್ಲಿ, ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ 5 ಮಿ.ಮೀ. ಅಂತರವೂ ಇಲ್ಲ. ಕೇಬಲ್ ಕೂದಲೆಳೆಯಷ್ಟು ಸಡಿಲವಾದರೂ ಚೈನು ಎರಡು ಚಕ್ರಗಳ ನಡುವೆ ಎಲ್ಲಿ ಕೂರಲಿ ಎಂದು ಟಿಕ್ ಟಿಕ್ ಎನ್ನುತ್ತದೆ. ಆ ಸದ್ದು ಸೈಕಲ್ ನಿಂತಿರುವಾಗ ಕೇಳಿಸುವುದಿಲ್ಲ, ಓಡಿಸುವಾಗ ಕೇಳಿಸಿದರೂ ಬಗ್ಗಿ ನೋಡಲಾಗುವುದಿಲ್ಲ. ಚಕ್ರ ನೆಲ ಬಿಟ್ಟಿದ್ದರೆ ಬಲಗೈಯಲ್ಲಿ ಪೆಡಲ್ ತಿರುಗಿಸುತ್ತ, ಎಡಗೈಯಲ್ಲಿ, ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಡಿರೇಲರಿನ ಹಿಂದೆ ಕೇಬಲ್ ಸೇರುವಲ್ಲಿನ ಗುಬುಟನ್ನು ಕಾಲು ಸುತ್ತು ತಿರುಗಿಸಿದರೆ ಸಾಕು. ಚೈನು ದೊಡ್ಡ ಚಕ್ರಕ್ಕೆ ಹತ್ತಲು ತಡಮಾಡಿದರೆ ಅಪ್ರದಕ್ಷಿಣೆಯಾಗಿ, ಸಣ್ಣದಕ್ಕೆ ಇಳಿಯಲು ತಡಮಾಡಿದರೆ ಪ್ರದಕ್ಷಿಣೆಯಾಗಿ. ಕಾಲು ಸುತ್ತು, ಕೇಳು. ಮತ್ತೆ ಕಾಲು ಸುತ್ತು, ಕೇಳು. ಒಂದು ಗಳಿಗೆಯಲ್ಲಿ ಟಿಕ್ ಟಿಕ್ ನಿಂತು ಚೈನು ಹೊಲಿಗೆ ಯಂತ್ರದ ಹಾಗೆ ಒಂದೇ ಸಮನೆ ಓಡುತ್ತದೆ. ಡಿರೇಲರಿನ ಮೇಲೆ ಎಚ್, ಎಲ್ ಎಂದು ಗುರುತಿರುವ ಎರಡು ಸಣ್ಣ ಸ್ಕ್ರೂಗಳಿವೆಯಲ್ಲ, ಅವುಗಳನ್ನು ಮಾತ್ರ ಕಾರಣವಿಲ್ಲದೆ ಮುಟ್ಟಬಾರದು. ಎಲ್ ತಪ್ಪಿದರೆ ಚೈನು ದೊಡ್ಡ ಚಕ್ರವನ್ನು ದಾಟಿ ಕಡ್ಡಿಗಳೊಳಗೆ ಬೀಳುತ್ತದೆ.

ಚೈನಿಗೆ ಎಣ್ಣೆ ಬಿಡುವುದು, ಗೇರು ಸರಿಮಾಡುವುದು, ಹಿಂದಿನ ಚಕ್ರದ ಅಲುಗಾಟ ನೋಡುವುದು, ಇಷ್ಟೇ ನಿಮ್ಮ ಕೆಲಸವಾದರೆ ಈ ಸ್ಟ್ಯಾಂಡ್ ತಂದು ಸುಮ್ಮನಾಗಬಹುದು. ನನಗೆ ಸುಮ್ಮನಿರಲಾಗಲಿಲ್ಲ. ಮುಂದಿನ ಚಕ್ರದ ಕೆಲಸಕ್ಕೆ ಇದು ಬರುವುದಿಲ್ಲ, ಕೇಬಲ್ ಬದಲಿಸುವಾಗ ಹ್ಯಾಂಡಲ್ ಕಡೆಗೊಮ್ಮೆ ಎದ್ದು ಹಿಂದಕ್ಕೊಮ್ಮೆ ಕುಳಿತು ಮಂಡಿ ಕಳಚಿ ಬರುತ್ತದೆ. ಐವತ್ತೆರಡರ ಸೊಂಟ ಮಣೆಯ ಮೇಲೆ ಅರ್ಧ ಗಂಟೆಗಿಂತ ಹೆಚ್ಚು ಒಪ್ಪುವುದಿಲ್ಲ. ಈ ವಿಷಯದಲ್ಲಿ ನಾನು ಒಬ್ಬಂಟಿಯೇನಲ್ಲ. ಇಂದು ಸೈಕಲ್ ಮೆಕ್ಯಾನಿಕ್ಕುಗಳೆಲ್ಲ ಬಲ್ಲ ನೀಲಿ ಹಿಡಿಗಳ ಪಾರ್ಕ್ ಟೂಲ್ ಕಂಪನಿ 1963ರಲ್ಲಿ ಹುಟ್ಟಿದ್ದೇ ಅಮೆರಿಕದ ಮಿನೆಸೋಟದಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ಇಬ್ಬರು ಬಗ್ಗಿ ಬಗ್ಗಿ ಬೇಸತ್ತು ತಮಗಾಗಿ ಒಂದು ರಿಪೇರಿ ಸ್ಟ್ಯಾಂಡ್ ಕಟ್ಟಿಕೊಂಡದ್ದರಿಂದ. ಅವರ ಸ್ಟ್ಯಾಂಡಿನ ಬೆಲೆ ನೋಡಿದೆ, ನಮಸ್ಕಾರ ಮಾಡಿ ಮುಂದೆ ಹೋದೆ.

ಸೈಕಲ್ಲನ್ನು ಕಚ್ಚಿ ಮೇಲೆ ಹಿಡಿಯುವ ಕ್ಲಾಂಪ್ ಇರುವ ನಿಲುವು ಸ್ಟ್ಯಾಂಡುಗಳಲ್ಲಿ ನಾನು ಮೊದಲು ತಂದದ್ದು ಎಲ್ಲಕ್ಕಿಂತ ಅಗ್ಗದ್ದು, 2,700 ರೂಪಾಯಿಯದು. ಯಾರು ಮಾಡಿದ್ದೆಂದು ಹೇಳುವುದು ಬೇಡ. ಪೆಟ್ಟಿಗೆಯ ಮೇಲೆ 30 ಕೆ.ಜಿ. ತಡೆಯುತ್ತದೆ ಎಂದಿತ್ತು, ನಾನು ಅದನ್ನೇ ನಂಬಿದೆ. ಕಂಬ ನಿಜವಾಗಿಯೂ ತಡೆಯುತ್ತಿತ್ತೇನೋ, ಕ್ಲಾಂಪಿನ ದವಡೆ ಮಾತ್ರ ಪ್ಲಾಸ್ಟಿಕ್ಕು. ಮೂರನೆಯ ತಿಂಗಳು, ಸೈಕಲ್ ಏರಿಸಿ ನೀರು ತರಲು ಒಳಗೆ ಹೋದಾಗ ಹಿಂದಿನಿಂದ ಪಟ್ ಎಂದು ಸದ್ದು. ಓಡಿ ಬಂದು ನೋಡಿದರೆ ದವಡೆ ಸೀಳಿ, ಸೈಕಲ್ ಮುಂದಕ್ಕೆ ಮುಗ್ಗರಿಸಿ, ಮುಂದಿನ ಚಕ್ರ ಅಮ್ಮನ ದೊಡ್ಡಪತ್ರೆ ಕುಂಡದ ಮೇಲೆ ಕುಳಿತಿತ್ತು. ಸೈಕಲ್ಲಿಗೆ ಏನೂ ಆಗಲಿಲ್ಲ. ಒಂದು ವಾರ ತಂಬುಳಿ ಇರಲಿಲ್ಲ.

ಬಿದ್ದದ್ದು ಏಕೆ ಎಂದು ಸಂಜೆ ಕುಳಿತು ಯೋಚಿಸಿದಾಗ, ಕೊಳ್ಳುವ ಮೊದಲೇ ನೋಡಬೇಕಾಗಿದ್ದದ್ದು ತಿಳಿಯಿತು. ನಿಂತ ಸೈಕಲ್ಲಿನ ತೂಕ ದೊಡ್ಡದಲ್ಲ. ಕ್ಲಾಂಪು ಹಿಡಿಯುವುದು ಸೀಟಿನ ಕಂಬಿಯನ್ನು, ಅಂದರೆ ಸೈಕಲ್ಲಿನ ಹಿಂಭಾಗದಲ್ಲಿ. ಹ್ಯಾಂಡಲ್, ಮುಂದಿನ ಚಕ್ರ, ಫ್ರೇಮಿನ ಅರ್ಧ ಎಲ್ಲವೂ ಒಂದೇ ಕಡೆಗೆ ಜೋತುಬಿದ್ದು ದವಡೆಯನ್ನು ತಿರುಚುತ್ತಿರುತ್ತವೆ. ನಾವು ಪೆಡಲ್ ಒತ್ತಿದಷ್ಟೂ ಆ ತಿರುಚು ಹೆಚ್ಚುತ್ತದೆ. ಹಾಗಾಗಿ ಅಗ್ಗದ ಸ್ಟ್ಯಾಂಡಿನಲ್ಲಿ ದುಡ್ಡು ಎಲ್ಲಿ ಉಳಿಸಿದ್ದಾರೆ ಎಂದು ತಿಳಿಯಬೇಕಾದರೆ ಕಂಬವನ್ನು ತಟ್ಟಿ ಪ್ರಯೋಜನವಿಲ್ಲ, ದವಡೆಯನ್ನೂ ಅದು ಕಂಬಕ್ಕೆ ಸೇರುವ ಕೀಲನ್ನೂ ನೋಡಬೇಕು.

ಎರಡನೆಯದು ಕಾಲುಗಳು. ಮೂರು ಕಾಲಿನದಾದರೆ ಒಂದು ಕಾಲು ಸರಿಯಾಗಿ ಸೈಕಲ್ಲಿನ ಕೆಳಗೇ ಚಾಚಿರಬೇಕು. ಇಲ್ಲದಿದ್ದರೆ ಭಾರ ಎರಡು ಕಾಲುಗಳ ನಡುವಿನ ಖಾಲಿ ಜಾಗದ ಮೇಲೆ ಬಿದ್ದು ಸ್ಟ್ಯಾಂಡ್ ಸೈಕಲ್ಲಿನ ಸಮೇತ ಮಗುಚುತ್ತದೆ. ಎರಡು ಕಾಲಿನದರಲ್ಲಿ ಕಾಲುಗಳೆರಡೂ ಕ್ಲಾಂಪಿನ ಕಡೆಗೇ ಅಗಲವಾಗಿ ಚಾಚಿರುವುದರಿಂದ ಆ ಯೋಚನೆ ಕಡಿಮೆ, ಆದರೆ ನೆಲ ಸಮವಾಗಿರಬೇಕು. ನಮ್ಮ ಬಾಲ್ಕನಿಯಲ್ಲಿ ಮಳೆನೀರು ಹರಿಯಲೆಂದು ಮೂಲೆಗೆ ಇಳಿಜಾರು ಕೊಟ್ಟಿದ್ದಾರೆ. ಒಂದು ಕಾಲಿನ ಕೆಳಗೆ ಹಳೆಯ ಟೈರಿನ ತುಂಡಿಟ್ಟು ಸರಿದೂಗಿಸಿದ್ದೇನೆ.

ಬೀದಿಯ ಗ್ರಿಲ್ ಕೆಲಸದವರಿಂದ ಒಂದನ್ನು ಬೆಸುಗೆ ಹಾಕಿಸಿಬಿಡೋಣ ಎಂಬ ಆಸೆಯೂ ಬಂದಿತ್ತು. ಸಹೋದ್ಯೋಗಿಯೊಬ್ಬರು ಹಾಗೆ ಮಾಡಿಸಿದ್ದನ್ನು ನೋಡಿ ಬಿಟ್ಟೆ. ಗಟ್ಟಿಮುಟ್ಟಾಗಿದೆ, ಆನೆ ಕಟ್ಟಬಹುದು. ಮಡಚಲು ಬರುವುದಿಲ್ಲ, ಎತ್ತಲು ಇಬ್ಬರು ಬೇಕು. ಈಗ ಅವರ ಟೆರೇಸಿನಲ್ಲಿ ಅದರ ಮೇಲೆ ಬೆಡ್‌ಶೀಟ್ ಒಣಗುತ್ತದೆ.

ಮೂರನೆಯ ಸ್ಟ್ಯಾಂಡಿಗೆ 4,800 ರೂಪಾಯಿ ಕೊಟ್ಟೆ. ಈ ಸಲ ಅಳತೆ ಪಟ್ಟಿ ಜೇಬಿನಲ್ಲಿಟ್ಟುಕೊಂಡೇ ಅಂಗಡಿಗೆ ಹೋದೆ. ಬೀರುವಿನ ಹಿಂದಿನ ಸಂದು 115 ಸೆಂ.ಮೀ. ಎತ್ತರ, ಮಡಚಿದಾಗ ಅದರೊಳಗೆ ನಿಲ್ಲಬೇಕು. ನನ್ನ ಸೀಟಿನ ಕಂಬಿ 27.2 ಮಿ.ಮೀ., ದವಡೆ ಅಷ್ಟಕ್ಕೆ ಮುಚ್ಚಿ ಬಿಗಿಯಬೇಕು. ದವಡೆ ಲೋಹದ್ದಿರಬೇಕು, ಒಳಗೆ ರಬ್ಬರ್ ಇರಬೇಕು; ಒಂದೇ ಪೆಟ್ಟಿಗೆ ಕಚ್ಚುವ ಲಿವರ್ ಬದಲು ತಿರುಗಿಸಿ ಬಿಗಿಯುವ ಸ್ಕ್ರೂ ಇದ್ದರೆ ಎಷ್ಟು ಬಿಗಿಯುತ್ತಿದ್ದೇನೆ ಎಂಬುದು ಕೈಗೆ ತಿಳಿಯುತ್ತದೆ. ಅಂಗಡಿಯವರನ್ನು ಕೇಳಿ ಒಂದು ಸೈಕಲ್ ಏರಿಸಿ, ಪೆಡಲ್ಲನ್ನು ಜೋರಾಗಿ ತಿರುಗಿಸಿ ತಟ್ಟನೆ ಬ್ರೇಕ್ ಒತ್ತಿ ನೋಡಿದೆ. ಸ್ವಲ್ಪ ಅಲುಗಿತು. ಈ ಬೆಲೆಗೆ ಸ್ವಲ್ಪ ಅಲುಗುವುದನ್ನು ಒಪ್ಪಿಕೊಳ್ಳಲೇಬೇಕು, ಅಲುಗಿ ಮತ್ತೆ ಅಲ್ಲಿಗೇ ಬಂದು ನಿಂತರೆ ಸಾಕು. ಅಂಗಡಿಯವರು ಮೊದಲು ಹುಬ್ಬೇರಿಸಿದರು, ಆಮೇಲೆ ತಾವೇ ಹ್ಯಾಂಡಲ್ ಹಿಡಿದು ಕೆಳಕ್ಕೊತ್ತಿ ತೋರಿಸಿದರು.

ಮನೆಗೆ ತಂದ ಮೇಲೂ ಒಂದೆರಡು ತಿದ್ದುಪಡಿ ಬೇಕಾಯಿತು. ಕಂಬದ ಎತ್ತರ ಬಿಗಿಯುವ ಪ್ಲಾಸ್ಟಿಕ್ ಗುಬುಟು ಎರಡನೆಯ ತಿಂಗಳಿಗೇ ಸವೆಯಿತು. ಟೌನ್ ಹಾಲ್ ಬಳಿ ಬಸ್ಸಿಳಿದು ಎಸ್‌ಜೆಪಿ ರಸ್ತೆಯಲ್ಲಿ ಅದೇ ಅಳತೆಯ ಕಬ್ಬಿಣದ ಬೋಲ್ಟು, ವಾಷರು ತಂದೆ. ಬಸ್ಸಿನ ಖರ್ಚೇ ಹೆಚ್ಚಾಯಿತು. ದವಡೆಯ ರಬ್ಬರಿನ ಮೇಲೆ ಹಳೆಯ ಟ್ಯೂಬಿನ ತುಂಡು ಸುತ್ತಿದೆ. ಅದೇ ಟ್ಯೂಬಿನ ಉದ್ದನೆಯ ಪಟ್ಟಿಯಿಂದ ಮುಂದಿನ ಚಕ್ರವನ್ನು ಫ್ರೇಮಿಗೆ ಕಟ್ಟುತ್ತೇನೆ, ಇಲ್ಲದಿದ್ದರೆ ಹ್ಯಾಂಡಲ್ ಹೊರಳಿ ಮೊಣಕೈಗೆ ಬಡಿಯುತ್ತದೆ.

ಸೀಟಿನ ಕಂಬಿ ಒಳಗೆ ಹೂತಿದ್ದರೆ ದವಡೆಗೆ ಜಾಗ ಸಿಗುವುದಿಲ್ಲ. ಆಗ ಫ್ರೇಮಿನ ಮೇಲ್ಕೊಳವೆಗೆ ಹಾಕಿ ಬಿಗಿಯಲು ಕೈ ತುರಿಸುತ್ತದೆ. ಬೇಡ. ತೆಳು ಅಲ್ಯೂಮಿನಿಯಂ ಕೊಳವೆ ನೆಗ್ಗುತ್ತದೆ, ಕಾರ್ಬನ್ ಆದರೆ ಬಿರುಕು ಬಿಡಬಹುದು. ಮೊದಲು ಸೀಟಿನ ಎತ್ತರಕ್ಕೆ ಬಣ್ಣದ ಟೇಪಿನ ಗುರುತು ಹಾಕಿ, ಆಮೇಲೆ ಕಂಬಿಯನ್ನು ಮೇಲಕ್ಕೆಳೆದು, ಗ್ರೀಸ್ ಒರೆಸಿ ಅಲ್ಲಿ ಕಚ್ಚಿಸುತ್ತೇನೆ. ಪೆಡಲ್ ಬಿಚ್ಚುವಂಥ ಜೋರಿನ ಕೆಲಸವನ್ನು ಸ್ಟ್ಯಾಂಡಿನ ಮೇಲೆ ಮಾಡುವುದೇ ಇಲ್ಲ, ಸೈಕಲ್ಲನ್ನು ನೆಲಕ್ಕಿಳಿಸಿ ಮಾಡುತ್ತೇನೆ. ಎಡ ಪೆಡಲಿನ ತಿರುಪು ಉಲ್ಟಾ ಎಂಬುದನ್ನು ಮರೆತು ಬಿಚ್ಚುವ ಬದಲು ಬಿಗಿಯುತ್ತ ಹೋದವನು ನಾನು. ಅಷ್ಟು ಬಲವನ್ನು ಯಾವ ಕ್ಲಾಂಪೂ ತಾಳುತ್ತಿರಲಿಲ್ಲ.

ಸ್ಟ್ಯಾಂಡ್ ಬಂದ ಮೇಲೆ ಹೆಚ್ಚಿದ್ದು ಚೈನಿನ ಮೇಲಿನ ನಿಗಾ. ಕಣ್ಣೆತ್ತರದಲ್ಲಿ ಎದುರಿಗೇ ಇದ್ದರೆ ನೋಡದಿರಲಾಗುವುದಿಲ್ಲ. ತಿಂಗಳಿಗೊಮ್ಮೆ ಉಕ್ಕಿನ ಸ್ಕೇಲ್ ಹಿಡಿಯುತ್ತೇನೆ: ಹೊಸ ಚೈನಿನಲ್ಲಿ ಪಿನ್ನಿನ ನಡುವಿನಿಂದ ಪಿನ್ನಿನ ನಡುವಿಗೆ ಸರಿಯಾಗಿ 12 ಇಂಚಿಗೆ 24 ಕೊಂಡಿಗಳು. ಅದು 1/16 ಇಂಚು ಹಿಗ್ಗಿದರೆ ಹೊಸ ಚೈನಿನ ಸಮಯ. 1/8 ಇಂಚಿನವರೆಗೆ ಬಿಟ್ಟರೆ ಕ್ಯಾಸೆಟ್ಟಿನ ಹಲ್ಲುಗಳೂ ಸವೆದು ಅದನ್ನೂ ಬದಲಿಸಬೇಕಾಗುತ್ತದೆ. ಹಿಂದಿನ ಸಲ ಹಾಗೇ ಆಗಿ, ಸ್ಟ್ಯಾಂಡಿಗಿಂತ ಸ್ವಲ್ಪವೇ ಕಡಿಮೆ ದುಡ್ಡು ತೆತ್ತಿದ್ದೆ.

ಈಗ ಭಾನುವಾರ ಬೆಳಿಗ್ಗೆ ಬಾಲ್ಕನಿಯಲ್ಲಿ ಸ್ಟ್ಯಾಂಡ್ ಕಂಡರೆ ಸಾಕು, ಕೆಳಮನೆಯ ಹುಡುಗಿ ತನ್ನ 16 ಇಂಚಿನ ಗುಲಾಬಿ ಸೈಕಲ್ಲನ್ನು ಮೆಟ್ಟಿಲ ಮೇಲೆ ದಡದಡ ಎಳೆದುಕೊಂಡು ಬರುತ್ತಾಳೆ, "ಅಂಕಲ್, ನನ್ನದನ್ನೂ ಮೇಲೆ ಹಾಕಿ" ಎನ್ನುತ್ತಾಳೆ. ಅದರ ಸೀಟಿನ ಕಂಬಿ ಮೂರು ಬೆರಳಿನಷ್ಟು ಗಿಡ್ಡ, ದವಡೆಗೆ ಸಿಗುವುದಿಲ್ಲ. ಪಕ್ಕದ ಸಣ್ಣ ಚಕ್ರಗಳು ಅಡ್ಡ ಬರುವುದರಿಂದ 950 ರೂಪಾಯಿಯ ಕೊಕ್ಕೆಯೂ ಕೂರುವುದಿಲ್ಲ. ಗೇರಿಲ್ಲ, ಹೈಡ್ರಾಲಿಕ್ ಬ್ರೇಕಿಲ್ಲ, ಬೆಲ್ಲು ಎಂದೋ ಮುರಿದಿದೆ. ಗೋಣಿಚೀಲ ಹಾಸಿ, ತಲೆಕೆಳಗೆ ನಿಲ್ಲಿಸಿ ಎಣ್ಣೆ ಬಿಟ್ಟುಕೊಡುತ್ತೇನೆ.