ತಪ್ಪು ಕೋಡ್ ಬರ್ಕೊಡೋ ಕೆಲಸ

ಗೋಣಿಕೊಪ್ಪದ ಹತ್ರ ನಮ್ಮನೆ. ಮಳೆ ಹಿಡ್ಕೊಂಡ್ರೆ ಕರೆಂಟ್ ಯಾವಾಗ ಬರುತ್ತೆ ಅಂತ ಯಾರೂ ಯಾರನ್ನೂ ಕೇಳಲ್ಲ, ಯುಪಿಎಸ್ ಉಸಿರು ಇರೋ ತನಕ ಆಫೀಸ್ ಕೆಲಸ, ಆಮೇಲೆ ಕಾಗದ ಪೆನ್ನು. ಆ ಕಾಗದ ಪೆನ್ನಿನ ಹೊತ್ತಲ್ಲೇ ನಾನು ಇನ್ನೊಂದು ಕೆಲಸ ಮಾಡೋದು. ಕಾಲೇಜು ಹುಡುಗ್ರು ತಮ್ಮ ಕೋಡಿಂಗ್ ಸ್ಪರ್ಧೆಗೆ ಅಂತ ಪ್ರಶ್ನೆ ಮಾಡಿ ಕಳಿಸ್ತಾರೆ, ಎಲ್ಲಿ ಎಡವಟ್ಟಾಗಿದೆ ಅಂತ ನಾನು ನೋಡಿ ಹೇಳ್ಬೇಕು.

ಮೊದಮೊದಲು "ಪ್ರಶ್ನೆ ಕ್ಲಿಯರ್ ಇಲ್ಲ, ಟೆಸ್ಟ್ ಕೇಸ್ ವೀಕ್ ಇದೆ" ಅಂತ ಬರ್ದು ಕಳಿಸ್ತಿದ್ದೆ. ಟೆಸ್ಟ್ ಕೇಸ್ ಅಂದ್ರೆ ಬರ್ದ ಕೋಡ್ ಸರೀನಾ ಅಂತ ನೋಡೋಕೆ ಕೊಡೋ ಇನ್‌ಪುಟ್ಟು, ಅದಕ್ಕೆ ಬರ್ಬೇಕಾದ ಉತ್ತರ. ಒಬ್ಬ ಹುಡುಗ ಫೋನ್ ಮಾಡಿ "ಅಕ್ಕಾ, ವೀಕ್ ಅಂದ್ರೆ ಈಗ ನಾನೇನ್ ಮಾಡ್ಲಿ?" ಅಂದ. ನನ್ನತ್ರ ಉತ್ತರ ಇರ್ಲಿಲ್ಲ. ಅವತ್ತಿಂದ ಅಭಿಪ್ರಾಯ ಬರೆಯೋದು ಬಿಟ್ಟು ತಪ್ಪು ಕೋಡ್ ಬರೆಯೋಕೆ ಶುರು ಮಾಡ್ದೆ, ಅಂದ್ರೆ ಸ್ಪರ್ಧೆಗೆ ಬರೋ ಮಕ್ಕಳು ಯಾವ ತಪ್ಪು ಮಾಡ್ಬಹುದೋ ಅದನ್ನ ಬೇಕಂತಲೇ ಮಾಡಿ, ಅವರ ಟೆಸ್ಟ್‌ಗಳಿಗೆ ಕೊಟ್ಟು, ಪಾಸ್ ಆಗ್ಬಿಟ್ರೆ ಆ ಕೋಡನ್ನೂ ಅದು ಮುಗ್ಗರಿಸೋ ಒಂದು ಇನ್‌ಪುಟ್ಟನ್ನೂ ಜೊತೆಗೇ ಕಳಿಸೋದು.

ಅದೇ ಹುಡುಗನ ಒಂದು ಪ್ರಶ್ನೆ ಕಾಫಿ ಕುಯ್ಲಿನದ್ದು. ಕಣದಲ್ಲಿ ರೈಟರ್ ಒಬ್ಬೊಬ್ಬರ ಹಣ್ಣಿನ ತೂಕ ಬರ್ಕೊಳ್ತಾರಲ್ಲ, ಅದನ್ನ ಗ್ರಾಂನಲ್ಲಿ ಕೊಡ್ತಾರೆ, ಒಟ್ಟು ಹೇಳ್ಬೇಕು. ಜನ 2 ಲಕ್ಷದವರೆಗೆ, ಒಬ್ಬರದ್ದು 1 ಲಕ್ಷ ಗ್ರಾಂವರೆಗೆ ಅಂತ ಮಿತಿ ಬರ್ದಿದ್ದ. 2 ಲಕ್ಷ ಜನ ಒಂದೇ ದಿನ ಕುಯ್ಯೋ ಎಸ್ಟೇಟ್ ಯಾರದ್ದಪ್ಪಾ ಅಂತ ನಗು ಬಂತು, ಆದ್ರೆ ಮಿತಿ ಅಂತ ಬರ್ದ ಮೇಲೆ ಅಲ್ಲೀವರೆಗೂ ಟೆಸ್ಟ್ ಮಾಡ್ಲೇಬೇಕು. ಗುಣಿಸಿದ್ರೆ 2000 ಕೋಟಿ. ಸಿ ಪ್ಲಸ್ ಪ್ಲಸ್ ಭಾಷೆಲಿ ಪೂರ್ಣ ಸಂಖ್ಯೆ ಇಡೋ ಮಾಮೂಲಿ ಇಂಟ್‌ನಲ್ಲಿ ಹಿಡಿಯೋದು 2147483647, ಅಂದ್ರೆ 214 ಕೋಟಿ ಚಿಲ್ಲರೆ ಅಷ್ಟೇ. ಇವನ ಟೆಸ್ಟ್‌ಗಳಲ್ಲಿ ಇದ್ದಿದ್ದು ಹೆಚ್ಚಂದ್ರೆ ಐವತ್ತು ಜನ, ಹಾಗಾಗಿ ನನ್ನ ಇಂಟ್ ಕೋಡ್ ಆರಾಮಾಗಿ ಪಾಸ್.

ಚಿಲ್ಲರೆ ಪ್ರಶ್ನೆನೂ ಹಂಗೇ. ಕಮ್ಮಿ ನಾಣ್ಯದಲ್ಲಿ ಮೊತ್ತ ಕೂಡ್ಸಿ ಅಂತ ಕೇಳಿ, ಎಲ್ಲಾ ಟೆಸ್ಟಲ್ಲೂ ನಮ್ಮ 1, 2, 5, 10ರ ನಾಣ್ಯಾನೇ ಇಟ್ಟಿದ್ದ. ದೊಡ್ಡದನ್ನ ಮೊದ್ಲು ತಗೊಳ್ಳೋ ಸೋಮಾರಿ ಕೋಡ್ ಅದರಲ್ಲಿ ಯಾವತ್ತೂ ಸಿಕ್ಕಿಹಾಕ್ಕೊಳ್ಳಲ್ಲ. 1, 3, 4 ಇಟ್ಟು 6 ಕೇಳು ಅಂದೆ. ಸೋಮಾರಿ ಕೋಡ್ 4+1+1 ಅನ್ನುತ್ತೆ, 3+3 ಎರಡರಲ್ಲೇ ಮುಗಿಯುತ್ತೆ.

ನಂಗೆ ನಿಜವಾಗ್ಲೂ ಖುಷಿ ಕೊಟ್ಟಿದ್ದು ಕನ್ನಡದ ಪ್ರಶ್ನೆ. ಊರ ಹೆಸರು ಕೊಡ್ತೀವಿ, ಎಷ್ಟು ಅಕ್ಷರ ಹೇಳಿ. ಮಡಿಕೇರಿಗೆ ಉತ್ತರ 4, ಆದ್ರೆ ಪೈಥಾನ್‌ನಲ್ಲಿ ಉದ್ದ ಕೇಳಿದ್ರೆ 7 ಅನ್ನುತ್ತೆ, ಗುಡಿಸು ಏತ್ವ ಎಲ್ಲಾ ಬೇರೆ ಬೇರೆ ಎಣಿಸುತ್ತಲ್ಲ ಅದಕ್ಕೆ. ಅದನ್ನ ಹುಡುಗ ತಡೆದಿದ್ದ. ನಾನು ವ್ಯಂಜನ ಮಾತ್ರ ಎಣಿಸೋ ಕೋಡ್ ಬರ್ದೆ, ಮಡಿಕೇರಿ 4, ವಿರಾಜಪೇಟೆ 5, ಎಲ್ಲಾ ಸರಿ, ಪಾಸ್. ಪೊನ್ನಂಪೇಟೆ ಹಾಕಿದ್ರೆ 5 ಬಂತು, ಬೆರಳಲ್ಲಿ ಎಣಿಸಿದ್ರೆ ಪೊ-ನ್ನಂ-ಪೇ-ಟೆ, ನಾಲ್ಕೇ. ಒತ್ತು ಇರೋ ಊರು ಒಂದೂ ಅವನ ಪಟ್ಟೀಲಿ ಇರ್ಲಿಲ್ಲ. ಅವನು ಪೊನ್ನಂಪೇಟೆ ಸೇರಿಸ್ದ, ನಾನು ವ್ಯಂಜನದ ಲೆಕ್ಕದಿಂದ ಹಲಂತದ ಚಿಹ್ನೆ, ಅಂದ್ರೆ ಕ್, ಗ್‌ನಲ್ಲಿರೋ ಸ್ವರ ತೆಗೆಯೋ ಗುರುತು, ಎಣಿಸಿ ಕಳೆಯೋ ಕೋಡ್ ಬರ್ದೆ (ಒತ್ತಕ್ಷರದ ಒಳಗೂ ಕಂಪ್ಯೂಟರ್ ಆ ಗುರುತು ಇಟ್ಟಿರುತ್ತೆ), ಅದೂ ಪಾಸ್. ಆಗ ಅಮ್ಮತ್ತಿ ಹಾಕ್ದೆ. ನಾಲ್ಕು ವ್ಯಂಜನದಲ್ಲಿ ಎರಡು ಹಲಂತ ಕಳೆದ್ರೆ 2, ಮುಂದಿನ ಅ ಲೆಕ್ಕಕ್ಕೇ ಬರ್ಲಿಲ್ಲ, ಆಗ್ಬೇಕಾಗಿದ್ದು 3.

ಹಿಂಗೇ ಒಂದು ವಾರ ಆಟ ಆಡಿದ್ವಿ. ನಮ್ಮತ್ತೆ ಅಕ್ಕಿ ಆರಿಸ್ತಾ "ಊರ ಹೆಸರು ಬರ್ದು ಬರ್ದು ಏನ್ ಎಣಿಸ್ತೀಯಾ" ಅಂತ ಬೈತಿದ್ರು.

ಸಿಕ್ಕಿಹಾಕ್ಕೊಂಡಿದ್ದು ಇಬ್ಬರೂ ಒಟ್ಟಿಗೇ. ಅವನು ಊರ ಜೊತೆ ಅಂಗಡಿ ಬೋರ್ಡಿನ ಪದಗಳೂ ಇರ್ಲಿ ಅಂತ ಕಾಫಿ ಕ್ಯೂರಿಂಗ್ ಅನ್ನೋದನ್ನ ಸೇರಿಸ್ದ. ಕ್ಯೂರಿಂಗ್‌ನಲ್ಲಿ ಕೊನೆಯ ಗ್ ಒಂದು ಅಕ್ಷರಾನಾ ಅಲ್ವಾ? ಕಣ್ಣಿಗೆ ಮೂರು ಕಾಣುತ್ತೆ, ವ್ಯಂಜನದಿಂದ ಹಲಂತ ಕಳೆದ್ರೆ ಎರಡು. ಇದು ಟೆಸ್ಟ್ ಸೇರ್ಸಿ ಸರಿ ಮಾಡೋ ವಿಷಯ ಅಲ್ಲ, ಪ್ರಶ್ನೇಲೇ ಅಕ್ಷರ ಅಂದ್ರೆ ಏನು ಅಂತ ಬರೀಬೇಕು, ಇಲ್ಲಾಂದ್ರೆ ಸ್ಪರ್ಧೆ ದಿನ ಸರಿ ಬರ್ದ ಮಗು ಸೋತು ಮನೆಗೆ ಹೋಗುತ್ತೆ. ಅವರ ಕಾಲೇಜಿನ ಕನ್ನಡ ಮೇಷ್ಟ್ರನ್ನ ಕೇಳ್ಕೊಂಡು ಬಾ ಅಂದೆ. ಎರಡು ದಿನ ಬಿಟ್ಟು ಮೆಸೇಜ್ ಬಂತು, "ಅಕ್ಕಾ, ಸರ್ ಛಂದಸ್ಸಿನ ಕ್ಲಾಸೇ ತಗೊಂಡ್ರು. ವ್ಯಂಜನದಲ್ಲಿ ಮುಗಿಯೋ ಪದ ಇರಲ್ಲ ಅಂತ ಪ್ರಶ್ನೇಲಿ ಒಂದು ಸಾಲು ಹಾಕ್ಬಿಡ್ಲಾ?"

ಹಾಕಪ್ಪಾ ಅಂದೆ.