ಬ್ರೈಡ್‌ಗ್ರೂಮ್ ಪದದ ಬೆನ್ನು ಹತ್ತಿ

ಇಂಗ್ಲಿಷ್‌ನಲ್ಲಿ ಮದುಮಗನಿಗೆ ಬ್ರೈಡ್‌ಗ್ರೂಮ್ ಎನ್ನುತ್ತಾರೆ. ಬ್ರೈಡ್ ಎಂದರೆ ಮದುಮಗಳು, ಸರಿ. ಆದರೆ ಗ್ರೂಮ್ ಎಂದರೆ ಕುದುರೆ ನೋಡಿಕೊಳ್ಳುವ ಆಳು ಎಂಬ ಅರ್ಥವೂ ಉಂಟು. ಮದುವೆಗೂ ಲಾಯಕ್ಕೂ ನಂಟು ಹಚ್ಚುವ ಕತೆ ಕಟ್ಟುವುದು ಸುಲಭ. ಸಮಾಸದ ಒಂದು ತುಂಡು ಹೀಗೆ ಹೊಂದದೆ ನಿಂತರೆ ನಾನು ಅರ್ಥವನ್ನು ಬದಿಗಿಟ್ಟು, ಪದದ ಅತಿ ಹಳೆಯ ರೂಪವನ್ನು ಹುಡುಕುತ್ತೇನೆ.

ಹಳೆಯ ಇಂಗ್ಲಿಷ್‌ಗೆ ಬಾಸ್ವರ್ತ್–ಟಾಲರ್ ನಿಘಂಟು, ನಡುಗಾಲದ ಇಂಗ್ಲಿಷ್‌ಗೆ ಮಿಷಿಗನ್ ವಿಶ್ವವಿದ್ಯಾಲಯದ ನಿಘಂಟು, ಎರಡೂ ಅಂತರ್ಜಾಲದಲ್ಲಿ ಉಚಿತ. ಮೊದಲನೆಯದರಲ್ಲಿ ಸಿಕ್ಕದ್ದು ‘ಬ್ರೂಡ್‌ಗುಮ’. ಅದರ ಉತ್ತರಾರ್ಧದಲ್ಲಿ ರಕಾರವೇ ಇಲ್ಲ! ‘ಗುಮ’ ಎಂದರೆ ಗಂಡಸು. ಹದಿನಾಲ್ಕನೆಯ ಶತಮಾನದ ಅನುಪ್ರಾಸದ ಕಾವ್ಯಗಳಲ್ಲಿ ಅದು ‘ಗೋಮ್’ ಆಗಿ ಉಳಿದಿತ್ತು. ಆಮೇಲೆ ಬಳಕೆ ತಪ್ಪಿತು. ಅರ್ಥ ಕಳೆದುಕೊಂಡ ಆ ತುಂಡಿನ ಜಾಗಕ್ಕೆ, ಹುಡುಗ, ಸೇವಕ ಎಂಬ ಅರ್ಥದ ‘ಗ್ರೋಮ್’ ಬಂದು ಕೂತಿತು. ವಿಲಿಯಂ ಟಿಂಡೇಲ್ ಇಂಗ್ಲಿಷ್‌ಗೆ ಅನುವಾದಿಸಿ 1526ರಲ್ಲಿ ಅಚ್ಚು ಮಾಡಿಸಿದ ಬೈಬಲ್ಲಿನ ಹೊಸ ಒಡಂಬಡಿಕೆಯಲ್ಲಿ ರಕಾರವಿರುವ ರೂಪವೇ ಇದೆ. ಕುದುರೆಯಾಳು ಎಂಬ ಅರ್ಥ ಗಟ್ಟಿಯಾದದ್ದು ಅದಕ್ಕೂ ಈಚೆಗೆ. ಲಾಯದ ಕತೆ ಇಲ್ಲಿಗೇ ಬಿದ್ದುಹೋಗುತ್ತದೆ.

ಇಷ್ಟಾದರೂ ನೆಂಟ ಭಾಷೆಗಳನ್ನು ಕೇಳದೆ ನಾನು ಒಪ್ಪುವುದಿಲ್ಲ. ಜರ್ಮನ್‌ನಲ್ಲಿ ಬ್ರಾಯ್ಟಿಗಾಮ್, ಸ್ವೀಡಿಷ್‌ನಲ್ಲಿ ಬ್ರೂಡ್‌ಗುಮ್; ಎರಡರ ಉತ್ತರಾರ್ಧದಲ್ಲೂ ರಕಾರವಿಲ್ಲ. ಅಂದರೆ ಅದು ಇಂಗ್ಲಿಷ್ ಮಾತ್ರ ಸೇರಿಸಿಕೊಂಡದ್ದು.

‘ಗುಮ’ದ ಮೂಲಕ್ಕೆ ಹೋದದ್ದು ನನಗೆ ಅತ್ಯಂತ ಸಂತೋಷ ಕೊಟ್ಟ ಭಾಗ. ಅದರ ಲ್ಯಾಟಿನ್ ಜೋಡಿ ‘ಹೋಮೊ’, ಮನುಷ್ಯ. ಲ್ಯಾಟಿನ್ನಿನ ಹಕಾರಕ್ಕೆ ಇಂಗ್ಲಿಷ್, ಜರ್ಮನ್, ಸ್ವೀಡಿಷ್ ಸೇರಿದ ಜರ್ಮಾನಿಕ್ ಭಾಷೆಗಳ ಗಕಾರ ಹೀಗೆ ಎದುರಾಗುವುದು ನಿಯಮ: ಲ್ಯಾಟಿನ್ ‘ಹೋಸ್ಟಿಸ್’ (ಹೊರಗಿನವನು), ಇಂಗ್ಲಿಷ್ ‘ಗೆಸ್ಟ್’ (ಅತಿಥಿ). ಇಂಥ ಇನ್ನೊಂದು ಜೋಡಿ ಸಿಗದೆ ಬರಿಯ ಹೋಲಿಕೆಯನ್ನು ನಾನು ನಂಬುವುದಿಲ್ಲ. ಎರಡರ ಬೇರೂ ಭೂಮಿ ಎಂಬ ಅರ್ಥದ ಪದ. ಗುಮ ಎಂದರೆ ಮಣ್ಣಿನ ಮೇಲಿನವನು. ಅದೇ ಬೇರಿನಿಂದ ಬಂದದ್ದು ಸಂಸ್ಕೃತದ ‘ಕ್ಷಮ್’. ಅಮರಕೋಶ ಭೂಮಿಗೆ ಹೇಳುವ ಹೆಸರುಗಳಲ್ಲಿ ‘ಕ್ಷ್ಮಾ’ ಇದೆಯಲ್ಲ, ಅದು ಈ ಮನೆತನದ್ದೇ.

ಈ ದಾರಿಯಲ್ಲೇ ‘ನೈಟ್‌ಮೇರ್’ ಅನ್ನೂ ನೋಡಿ. ಅಲ್ಲಿನ ‘ಮೇರ್’ ಹೆಣ್ಣು ಕುದುರೆಯಲ್ಲ. ಮಲಗಿದವರ ಎದೆಯ ಮೇಲೆ ಕೂರುವ ಪೀಡೆ. ಹಳೆಯ ಇಂಗ್ಲಿಷ್‌ನಲ್ಲಿ ಅವೆರಡೂ ಬೇರೆ ಬೇರೆ ಪದಗಳು.