ವಾರ್ಷಿಕ ಬಜೆಟ್ ಬಿಟ್ಟ ಮೇಲೆ

ಮ್ಯಾನೇಜ್‌ಮೆಂಟಿನ ಭವಿಷ್ಯ ಅಂದರೆ ಈಗ ಎಲ್ಲರ ಬಾಯಲ್ಲೂ ಎಐ. ಹಣಕಾಸು ನೋಡಿಕೊಳ್ಳುವ ನನಗೆ ಅದಕ್ಕಿಂತ ದೊಡ್ಡದಾಗಿ ಕಂಡ ಬದಲಾವಣೆ ಬೇರೆ: ವಾರ್ಷಿಕ ಬಜೆಟ್ ಬಿಟ್ಟು ರೋಲಿಂಗ್ ಫೋರ್‌ಕಾಸ್ಟ್ (ಆಗಾಗ ತಿದ್ದುತ್ತ ಮುಂದಕ್ಕೆ ಸರಿಸುತ್ತ ಹೋಗುವ ಅಂದಾಜು) ಹಿಡಿದದ್ದು. ವಿಚಾರ ಹೊಸದೇನಲ್ಲ. ಸ್ವೀಡನ್ನಿನ ಹ್ಯಾಂಡೆಲ್ಸ್‌ಬ್ಯಾಂಕನ್ ಎಂಬ ಬ್ಯಾಂಕು, ಯಾನ್ ವಾಲಾಂಡರ್ ಮುಖ್ಯಸ್ಥರಾಗಿದ್ದಾಗ, 1970ರ ದಶಕದಲ್ಲೇ ಬಜೆಟ್ಟಿಗೆ ವಿದಾಯ ಹೇಳಿತ್ತು. ಉಳಿದವರಿಗೆ ಈಗ ಅದರ ಬಿಸಿ ತಟ್ಟುತ್ತಿದೆ, ಅಷ್ಟೇ.

ಈಗ ನಾವು ಮೂರು ತಿಂಗಳಿಗೊಮ್ಮೆ ಕೂತು ಮುಂದಿನ ಐದು ತ್ರೈಮಾಸಿಕಗಳ ಅಂದಾಜು ಹಾಕುತ್ತೇವೆ. ಒಂದು ಮುಗಿದರೆ ಕೊನೆಯಲ್ಲಿ ಇನ್ನೊಂದು ಸೇರುತ್ತದೆ. ಸ್ಟೇಷನರಿ, ಫೋನ್ ಬಿಲ್ಲಿನಂಥ ಚಿಲ್ಲರೆ ಬಾಬತ್ತುಗಳನ್ನೆಲ್ಲ ಒಂದೇ ಸಾಲಿಗೆ ತಳ್ಳಿ, ಸಂಬಳ, ಕಚ್ಚಾಮಾಲು, ಬರಬೇಕಾದ ಬಾಕಿಗಳನ್ನು ಮಾತ್ರ ಬಿಡಿಸಿ ಬರೆದೆವು. ಪ್ರತಿ ಅಂಕಿಯ ಪಕ್ಕ ಒಂದು ಕಾಲಂ: ‘ಯಾವ ಭರವಸೆಯ ಮೇಲೆ?’ ಮಾರಾಟದವರು ‘10% ಏರಿಕೆ’ ಅಂತ ಬರೆದು ಎದ್ದುಹೋಗುವಂತಿಲ್ಲ. ‘ದೊಡ್ಡ ಗ್ರಾಹಕರ ಕರಾರು ಜೂನ್‌ನಲ್ಲಿ ನವೀಕರಣವಾಗುತ್ತದೆ’ ಅಂತ ಬರೆಯಬೇಕು. ಕರಾರು ಮುಂದೆ ಹೋದ ದಿನವೇ ಅಂಕಿಯೂ ಬದಲಾಗುತ್ತದೆ. ಆಮೇಲೆ ಯಾರ ತಪ್ಪು ಎಂಬ ಪಂಚಾಯಿತಿಗೆ ಕೆಲಸವಿಲ್ಲ.

ಶೀಟು ಬದಲಿಸುವುದು ಸುಲಭ. ಕಷ್ಟವಾದದ್ದು ಬೋನಸ್. ಅಂದಾಜು ಮುಟ್ಟಿದರೆ ಬೋನಸ್ ಎಂದಿರುವ ತನಕ ಯಾರೂ ನಿಜವಾದ ಅಂದಾಜು ಕೊಡುವುದಿಲ್ಲ. ಮಾರಾಟ ತಗ್ಗಿಸಿ ಹೇಳುತ್ತಾರೆ, ಖರ್ಚು ಉಬ್ಬಿಸಿ ಹೇಳುತ್ತಾರೆ. ನಾನಾದರೂ ಅದನ್ನೇ ಮಾಡುತ್ತಿದ್ದೆ! ಹಾಗಾಗಿ ಅಂದಾಜಿಗೂ ಬೋನಸ್ಸಿಗೂ ಇದ್ದ ನಂಟು ಕಡಿದು, ಹಿಂದಿನ ವರ್ಷದ ಅದೇ ತ್ರೈಮಾಸಿಕದ ನಿಜ ಲಾಭಕ್ಕೆ ಹೋಲಿಸಿ ಬೋನಸ್ ಕೊಡತೊಡಗಿದೆವು. ಗೊಣಗಾಟ ಬಹಳ ಕಾಲ ನಡೆಯಿತು; ಅಂಕಿಗಳು ಮಾತ್ರ ಬೇಗನೆ ನೇರವಾದವು. ಉಳಿದ ಹಣ ಎಲ್ಲಿ ರದ್ದಾಗುತ್ತದೋ ಎಂದು ವರ್ಷಾಂತ್ಯದಲ್ಲಿ ಬೇಡದ ಸಾಮಾನು ತರಿಸುವ ಚಾಳಿಯೂ ನಿಂತಿತು.

ಎಐ ಬಂದದ್ದು ಇದಾದ ಮೇಲೆ. ಹಳೆಯ ಲೆಕ್ಕ ನೋಡಿ ಮೊದಲ ಕರಡು ಅಂಕಿಗಳನ್ನು ಅದೇ ಹಾಕುತ್ತದೆ, ಚೆನ್ನಾಗಿಯೇ ಹಾಕುತ್ತದೆ. ಆದರೆ ಆ ಭರವಸೆಯ ಕಾಲಂ ತುಂಬಲು ಅದಕ್ಕೆ ಬಿಟ್ಟಿಲ್ಲ. ಕೇಳಿದರೆ ಅಂದವಾದ ಕಾರಣವೊಂದನ್ನು ಹೊಸೆದುಬಿಡುತ್ತದೆ. ಗ್ರಾಹಕ ನಿನ್ನೆ ಫೋನಿನಲ್ಲಿ ಮಾತು ತೇಲಿಸಿದ್ದು ಅದಕ್ಕೆ ಹೇಗೆ ಗೊತ್ತಾಗಬೇಕು?

ಸಾಲ ಕೊಟ್ಟ ಬ್ಯಾಂಕಿನವರು ಮಾತ್ರ ಈಗಲೂ ವಾರ್ಷಿಕ ಬಜೆಟ್ಟನ್ನೇ ಕೇಳುತ್ತಾರೆ. ಮುಂದಿನ ನಾಲ್ಕು ತ್ರೈಮಾಸಿಕ ಕೂಡಿಸಿ, ಅವರ ನಮೂನೆಯಲ್ಲೇ ಕಳಿಸುತ್ತೇವೆ.